ಸಾತೊಡ್ಡಿ ಜಲಪಾತಕ್ಕೆ ಮಗನನ್ನೂ ಅಪ್ಪನನ್ನೂ ಕರೆದುಕೊಂಡು ಹೋಗಬಹುದಾ? ಗೈಡ್ ಉತ್ತರಿಸಿದ್ದಾರೆ

ಪ್ರಶ್ನೆ (ಬೆಂಗಳೂರಿನಿಂದ): ನಮಸ್ಕಾರ ಸರ್. ಅಕ್ಟೋಬರ್ ಮೊದಲ ವಾರ ಉತ್ತರ ಕನ್ನಡದ ಯಲ್ಲಾಪುರದ ಕಡೆ ಹೊರಟಿದ್ದೇವೆ. ನಾನು, ಯಜಮಾನರು, ಒಂಬತ್ತು ವರ್ಷದ ಮಗ, 66 ವರ್ಷದ ಅಪ್ಪ. ಅಪ್ಪನಿಗೆ ಸ್ವಲ್ಪ ಮಂಡಿನೋವು. ರಾತ್ರಿ ರೈಲಿಗೆ ಹುಬ್ಬಳ್ಳಿಗೆ ಬಂದು ಅಲ್ಲಿಂದ ಟ್ಯಾಕ್ಸಿ. ಬೆಳಿಗ್ಗೆ ಮಾಗೋಡ ಜಲಪಾತ ನೋಡಿ, ಯಲ್ಲಾಪುರದಲ್ಲಿ ಊಟ ಮುಗಿಸಿ, ಮೂರೂವರೆಗೆ ಸಾತೊಡ್ಡಿ ತಲುಪುವ ಲೆಕ್ಕ. ಕಾಡಿನಲ್ಲಿ ಎಷ್ಟು ನಡೆಯಬೇಕು? ಇಬ್ಬರಿಗೂ ಕಷ್ಟವಾಗುತ್ತದಾ?

ಉತ್ತರ: ನಮಸ್ಕಾರ ಮೇಡಂ. ನಡಿಗೆ ಕಷ್ಟವಿಲ್ಲ. ಕಷ್ಟ ಇರುವುದು ನಿಮ್ಮ ಮೂರೂವರೆಯಲ್ಲಿ.

ಗಾಡಿ ನಿಲ್ಲಿಸಿದ ಮೇಲೆ ಒಂದು ಕಿಲೋಮೀಟರ್ ಒಳಗೇ ನಡಿಗೆ. ಒಂದು ಕಡೆ ಕಾಡು, ಇನ್ನೊಂದು ಕಡೆ ಕೊಡಸಳ್ಳಿ ಅಣೆಕಟ್ಟಿನ ಹಿನ್ನೀರು. ಮಗ ಓಡಿಕೊಂಡೇ ಹೋಗುತ್ತಾನೆ. ಅಪ್ಪನವರಿಗೆ ಒಂದು ಕೋಲು ಕೊಡಿ. ಹತ್ತುವುದಕ್ಕಿಂತ ಇಳಿಯುವಾಗಲೇ ಮಂಡಿಗೆ ಭಾರ ಜಾಸ್ತಿ. ಮೆಟ್ಟಿಲು ಸಿಕ್ಕಲ್ಲಿ ನೇರ ಇಳಿಯದೆ ಸ್ವಲ್ಪ ಅಡ್ಡ ತಿರುಗಿ ಕಾಲಿಟ್ಟರೆ ಆರಾಮ. ಪಾಚಿ ಹಿಡಿದ ಕಲ್ಲಿನ ಮೇಲೆ ಯಾರ ಶೂ ಕೂಡ ನಿಲ್ಲುವುದಿಲ್ಲ, ಎಷ್ಟೇ ದುಡ್ಡು ಕೊಟ್ಟು ತಂದಿರಲಿ.

ಈಗ ಹೊತ್ತಿನ ವಿಷಯ. ಅಕ್ಟೋಬರ್ ಮೊದಲ ವಾರವೆಂದರೆ ಮುಂಗಾರು ಪೂರ್ತಿ ಹೋಗಿರುವುದಿಲ್ಲ, ಹಿಂಗಾರು ಇನ್ನೂ ಸರಿಯಾಗಿ ಬಂದಿರುವುದಿಲ್ಲ. ಬೆಳಿಗ್ಗೆ ಚುರುಕು ಬಿಸಿಲು, ಮಧ್ಯಾಹ್ನ ಕಳೆಯುತ್ತಿದ್ದಂತೆ ಮೋಡ ಕಟ್ಟಿ ಗುಡುಗು ಮಳೆ. ನಮ್ಮ ತಲೆ ಮೇಲೆ ಹನಿ ಬೀಳದಿದ್ದರೂ ಮೇಲಿನ ಗುಡ್ಡದಲ್ಲಿ ಸುರಿದರೆ ಸಾಕು. ಅಲ್ಲಿನ ಹಳ್ಳಗಳೆಲ್ಲ ಸೇರಿಯೇ ಸಾತೊಡ್ಡಿ ಆಗಿರುವುದು. ಯಲ್ಲಾಪುರದಿಂದ ಸುಮಾರು 32 ಕಿಲೋಮೀಟರ್, ಕಾಡಿನ ಇಕ್ಕಟ್ಟಿನ ರಸ್ತೆ. ಒಂದು ಗಂಟೆಗೂ ಜಾಸ್ತಿಯೇ ಇಟ್ಟುಕೊಳ್ಳಿ.

ಆದ್ದರಿಂದ ತಿರುಗಿಸಿ. ಬೆಳಿಗ್ಗೆ ಸಾತೊಡ್ಡಿ, ಮಧ್ಯಾಹ್ನ ಮಾಗೋಡ. ಮಾಗೋಡದಲ್ಲಿ ಬೇಡ್ತಿ ಹೊಳೆ ಸುಮಾರು 200 ಮೀಟರ್ ಕೆಳಗೆ ಬೀಳುವುದನ್ನು ದೂರದಿಂದ ನಿಂತು ನೋಡುವುದು. ಮಳೆ ಬಂದರೆ ಕೊಡೆ ಬಿಚ್ಚಿದರಾಯಿತು. ಸಾತೊಡ್ಡಿ ಬರೀ 15 ಮೀಟರ್, ಆದರೆ ನೀರಿನ ಪಕ್ಕಕ್ಕೇ ಹೋಗುತ್ತೀರಿ. ಅಲ್ಲಿಂದ ಮಧ್ಯಾಹ್ನ ಒಂದರೊಳಗೆ ಹೊರಡಬೇಕು. ಮೊದಲು ಹೊರಡುವ ಹೊತ್ತು ಗೊತ್ತು ಮಾಡಿಕೊಳ್ಳಿ, ತಲುಪುವ ಹೊತ್ತನ್ನು ಅದರಿಂದ ಹಿಂದಕ್ಕೆ ಎಣಿಸಿ.

ಪ್ರಶ್ನೆ (ಅವರೇ): ಒಂದಕ್ಕೇ ಹೊರಡಬೇಕಾ? ನೀರು ಏರುತ್ತಿದ್ದರೆ ಕಣ್ಣಿಗೆ ಕಾಣುತ್ತದಲ್ವಾ ಸರ್?

ಉತ್ತರ: ಕಾಣುವುದಿಲ್ಲ ಮೇಡಂ, ಅದೇ ತೊಂದರೆ. ಬೀಳುವ ನೀರನ್ನೇ ನೋಡುತ್ತಾ ಕೂತವರಿಗೆ ಕಾಲಬುಡದ ನೀರು ಗೊತ್ತಾಗುವುದಿಲ್ಲ.

ನಾನು ಮಾಡುವುದು ಇಷ್ಟು. ಹೋದ ತಕ್ಷಣ ಒಂದು ಕಡ್ಡಿಯನ್ನು ನೀರಿನ ಅಂಚಿಗೆ ಸರಿಯಾಗಿ, ಎರಡು ಕಲ್ಲಿನ ಸಂದಿಯಲ್ಲಿ ಸಿಕ್ಕಿಸಿಡುತ್ತೇನೆ. ಹತ್ತು ನಿಮಿಷಕ್ಕೊಮ್ಮೆ ಅದರ ಕಡೆ ಕಣ್ಣು. ಕಡ್ಡಿಯ ಬುಡ ಮುಳುಗಿತೋ, ಎದ್ದೆವು. ಒಂದು ಸೆಪ್ಟೆಂಬರ್‌ನಲ್ಲಿ ಹನ್ನೆರಡು ಜನರನ್ನು ಬೇರೊಂದು ಹಳ್ಳಕ್ಕೆ ಕರೆದುಕೊಂಡು ಹೋಗಿದ್ದೆ. ಎಲ್ಲರೂ ಅವಲಕ್ಕಿ ಪೊಟ್ಟಣ ಬಿಚ್ಚಿದ್ದರು. ಕಡ್ಡಿ ನೋಡಿದೆ, ಅರ್ಧ ಇಲ್ಲ! ಬಿಸಿಲು ಹಾಗೇ ಇತ್ತು. ಪೊಟ್ಟಣ ಕೈಯಲ್ಲಿ ಹಿಡಿದುಕೊಂಡೇ ಮೇಲೆ ಹತ್ತಿಸಿದೆ. ಬೈದುಕೊಂಡರು. ನಾವು ಕೂತಿದ್ದ ಬಂಡೆಯ ಮೇಲೆ ಕಾಲು ಗಂಟೆಯಲ್ಲಿ ಕೆಂಪು ನೀರು ಹರಿಯುತ್ತಿತ್ತು. ಆಮೇಲೆ ಯಾರೂ ಬೈಯಲಿಲ್ಲ.

ಇನ್ನೆರಡು ಗುರುತು: ತಿಳಿ ನೀರು ಇದ್ದಕ್ಕಿದ್ದಂತೆ ಕದಡುವುದು, ಒಣ ಎಲೆ, ಕಸ-ಕಡ್ಡಿ ತೇಲಿ ಬರುವುದು. ಆಗ ಕಡ್ಡಿ ನೋಡುತ್ತಾ ನಿಲ್ಲಬೇಡಿ, ಸೀದಾ ಮೇಲೆ ಹತ್ತಿ.

ಪ್ರಶ್ನೆ (ಧಾರವಾಡದ ಒಬ್ಬ ವಿದ್ಯಾರ್ಥಿ): ಅಣ್ಣಾ, ನಾವು ಐದು ಜನ ಬೈಕಿನಲ್ಲಿ ಬರುತ್ತಿದ್ದೇವೆ. ನನಗೆ ಚೆನ್ನಾಗಿ ಈಜು ಬರುತ್ತದೆ. ಗುಂಡಿಗೆ ಇಳಿಯಬಹುದಾ?

ಉತ್ತರ: ಬೇಡ ತಮ್ಮಾ. ಎಲ್ಲಿ ಕಲಿತೆ ಈಜು, ಕೊಳದಲ್ಲೋ ಕೆರೆಯಲ್ಲೋ? ಧಾರೆ ಬೀಳುವಲ್ಲಿ ನೀರು ಅರ್ಧ ಗಾಳಿ. ಆ ಬಿಳಿ ನೊರೆ ಮೈಯನ್ನು ಎತ್ತಿ ಹಿಡಿಯುವುದಿಲ್ಲ, ಕೈ ಬೀಸಿದರೂ ಹಿಡಿತ ಸಿಗುವುದಿಲ್ಲ. ಕೆಳಗೆ ಬಂಡೆಯ ಪೊಟರೆ ಎಲ್ಲಿದೆ ಎಂದು ಮೇಲಿನಿಂದ ಕಾಣುವುದೂ ಇಲ್ಲ. ಹಿನ್ನೀರಿನ ಕಡೆ ನೀರು ಶಾಂತವಾಗಿದೆ ಎಂದು ಆಸೆಪಡಬೇಡ. ಅಲ್ಲಿ ಕೆಸರು, ಮುಳುಗಿದ ಮರದ ಬೊಡ್ಡೆ. ಅಂಚಿನಲ್ಲಿ ಕೂತು ಕಾಲು ಇಳಿಬಿಡು, ಸಾಕು. ಈ ವಿಷಯದಲ್ಲಿ ನನ್ನ ಹತ್ತಿರ ಚೌಕಾಸಿ ಇಲ್ಲ.

ಪ್ರಶ್ನೆ (ಮೈಸೂರಿನಿಂದ): ಜುಲೈನಲ್ಲಿ ಬಂದರೆ ಜಲಪಾತ ಇನ್ನೂ ಚೆನ್ನಾಗಿರುತ್ತದಂತೆ, ಹೌದಾ ಸರ್?

ಉತ್ತರ: ಚೆನ್ನಾಗಿಯೇ ಇರುತ್ತದೆ, ನೋಡಲು ನೀವು ತಲುಪಬೇಕಲ್ಲ! 2021ರ ಜುಲೈನಲ್ಲಿ ನಮ್ಮ ತಾಲೂಕಿನ ಕಳಚೆಯಲ್ಲಿ ಗುಡ್ಡಗಳೇ ಕುಸಿದು ತೋಟ, ಮನೆ ಹೋದವು. ಅದೇ ಮಳೆಗೆ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಹೆದ್ದಾರಿ ಮೇಲೆಯೇ ಗುಡ್ಡ ಬಿತ್ತು. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ತನಕ ಬನ್ನಿ. ನೀರೂ ಇರುತ್ತದೆ, ದಾರಿಯೂ ಇರುತ್ತದೆ.

ಪ್ರಶ್ನೆ (ಮೊದಲಿನವರು): ಸರ್, ಉಂಬಳದ (ಕಾಡಿನ ಜಿಗಣೆ) ಬಗ್ಗೆ ಕೇಳಿದರೇ ನನಗೆ ಮೈ ಜುಂ ಅನ್ನುತ್ತದೆ. ಉಪ್ಪಿನ ಪೊಟ್ಟಣ ತರಬೇಕಾ?

ಉತ್ತರ: ಮಳೆ ಬಿದ್ದ ನೆಲ ಆರದಿದ್ದರೆ ಇರುತ್ತವೆ. ಹೆದರಿಕೆಗಿಂತ ಅಸಹ್ಯವೇ ಜಾಸ್ತಿ, ಅಷ್ಟೆ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಚೀಲದ ಹೊರಗೆ ಬೇವಿನೆಣ್ಣೆಯನ್ನೋ ನಶ್ಯಪುಡಿಯನ್ನೋ ಸವರಿ. ದಾರಿ ಮಧ್ಯೆ ಹುಲ್ಲಿನಲ್ಲಿ ನಿಲ್ಲಬೇಡಿ. ನಿಂತವರಿಗೇ ಹತ್ತುವುದು.

ಕಚ್ಚಿಕೊಂಡದ್ದರ ಮೇಲೆ ಉಪ್ಪು ಬೇಡ, ಗಾಯದೊಳಗೇ ಕಕ್ಕುತ್ತದೆ. ಉಗುರನ್ನು ಅದರ ಸಣ್ಣ ತುದಿಯ ಕೆಳಗೆ, ಚರ್ಮಕ್ಕೆ ಒತ್ತಿ ಸರಿಸಿ. ಬಿಟ್ಟುಕೊಳ್ಳುತ್ತದೆ. ಆಮೇಲೆ ರಕ್ತ ಬಹಳ ಹೊತ್ತು ಜಿನುಗುತ್ತದೆ, ಹೆಪ್ಪುಗಟ್ಟದ ಹಾಗೆ ಅದರ ಜೊಲ್ಲೇ ಮಾಡಿರುತ್ತದೆ. ತೊಳೆದು ಒತ್ತಿ ಹಿಡಿದು ಪಟ್ಟಿ ಹಾಕಿ. ಒಂದು ಮಾತು ಕೇಳಬೇಕಿತ್ತು: ಅಪ್ಪನವರು ಹೃದಯಕ್ಕೆ ರಕ್ತ ತೆಳುವಾಗುವ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಾರಾ? ಹಾಗಿದ್ದರೆ ಹೊರಡುವ ಮೊದಲು ಅವರ ಡಾಕ್ಟರಿಗೆ ಹೇಳಿ.

ಉಂಬಳಕ್ಕಿಂತ ನನಗೆ ಉಣುಗಿನ (ರಕ್ತ ಹೀರುವ ಉಣ್ಣೆ) ಚಿಂತೆ. ಮಂಗನ ಕಾಯಿಲೆ ಬರುವುದು ಅದರಿಂದ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಕಂಡದ್ದು. ಡಿಸೆಂಬರ್‌ನಿಂದ ಮೇ ತನಕ ಅದರ ಕಾಟ ಜಾಸ್ತಿ. ಒಣಗಿದ ಎಲೆಯ ಮೇಲೆ ಕೂರಬೇಡಿ, ರೂಮಿಗೆ ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ ಮೈ ಹುಡುಕಿ. ಊರಿಗೆ ಹೋದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಪ್ರಶ್ನೆ (ಅವರೇ): ಅಪ್ಪ ಮಾತ್ರೆ ತೆಗೆದುಕೊಳ್ಳುತ್ತಾರೆ ಸರ್, ನಾಳೆಯೇ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಹಿಂದಿನ ರಾತ್ರಿ ಯಲ್ಲಾಪುರದಲ್ಲೇ ಉಳಿದು, ಏಳೂವರೆಗೆ ಹೊರಟು, ಒಂಬತ್ತಕ್ಕೆ ಸಾತೊಡ್ಡಿ. ಹನ್ನೆರಡೂವರೆಗೆ ವಾಪಸ್. ಊಟಕ್ಕೆ ಚಪಾತಿ ಕಟ್ಟಿಕೊಳ್ಳುತ್ತೇವೆ. ಸರಿನಾ?

ಉತ್ತರ: ಸರಿಯಾಯಿತು. ಚಪಾತಿ ಗಾಡಿಯಲ್ಲೇ ಇರಲಿ, ಬಂದ ಮೇಲೆ ತಿನ್ನಿ. ಕೈಯಲ್ಲಿ ಚೀಲ ಕಂಡರೆ ಮಂಗ ಬಿಡುವುದಿಲ್ಲ. ನೀರಿನ ಬಾಟಲಿ ಬೆನ್ನಿಗಿರಲಿ. ಫೋನ್ ಸಿಗ್ನಲ್ ನಂಬಬೇಡಿ, ಟ್ಯಾಕ್ಸಿಯವರಿಗೆ ಹೊತ್ತನ್ನು ಮೊದಲೇ ಹೇಳಿಡಿ. ಹೊರಡುವ ದಿನ ಬೆಳಿಗ್ಗೆ ದಾರಿ ತೆರೆದಿದೆಯಾ ಎಂದು ಲಾಡ್ಜಿನಲ್ಲಿ ವಿಚಾರಿಸಿ. ಕಡ್ಡಿ ಕಾಯುವ ಕೆಲಸ ಮಗನಿಗೆ ಕೊಡಿ. ದೊಡ್ಡವರು ಫೋಟೋ ತೆಗೆಯುತ್ತಾ ಮರೆತುಬಿಡುತ್ತಾರೆ, ಮಕ್ಕಳು ಮರೆಯುವುದಿಲ್ಲ.