ಪ್ರಿಂಟ್ ಕೊಟ್ಟರೆ ಟೇಬಲ್‌ನ ಎರಡು ಕಾಲಂ ಮಾಯ, ಹಾಳೆ ಅಡ್ಡ ಇಟ್ಟರೆ ಹಾಜರ್!

ಓದುಕೋಣೆ:
ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯ ಓದುವ ಕೋಣೆಗೆ ಪುಸ್ತಕ ಪಟ್ಟಿಯ ಒಂದು ವೆಬ್ ಪುಟ ಮಾಡಿದ್ದೇನೆ. ಬರೀ ಎಚ್‌ಟಿಎಂಎಲ್ (ಪುಟದ ವಿಷಯ ಬರೆಯೋದು), ಸಿಎಸ್‌ಎಸ್ (ಅದು ಹೇಗೆ ಕಾಣಬೇಕು ಅನ್ನೋ ನಿಯಮಗಳು). 340 ಪುಸ್ತಕ, ಒಂದೇ ಟೇಬಲ್, ಐದು ಕಾಲಂ: ಕ್ರಮ ಸಂಖ್ಯೆ, ಹೆಸರು, ಬರೆದವರು, ಪ್ರಕಾಶಕರು, ಕಪಾಟು. ಫೋನ್ ಬಳಸದ ಹಿರಿಯರಿಗಾಗಿ ಇದನ್ನೇ ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು ಮೇಜಿನ ಮೇಲಿಡಬೇಕು.

ಸ್ಕ್ರೀನ್ ಮೇಲೆ ಚೆನ್ನಾಗಿದೆ. ಪ್ರಿಂಟ್‌ನಲ್ಲಿ ಕೊನೆಯ ಎರಡು ಕಾಲಂ ಇಲ್ಲ, ತಲೆಬರಹದ ಸಾಲೂ ಇಲ್ಲ. ಕಪಾಟಿನ ನಂಬರೇ ಇಲ್ಲದ ಪಟ್ಟಿ ಯಾರಿಗೆ ಬೇಕು? ಮೂರನೇ ಹಾಳೆಯ ಕೊನೆಯಲ್ಲಿ ಒಂದು ಪುಸ್ತಕದ ಹೆಸರು ಅರ್ಧ ಇದೆ, ಉಳಿದರ್ಧ ನಾಲ್ಕನೇ ಹಾಳೆಯ ತಲೆಯಲ್ಲಿ. ಕೊನೆಗೆ ಒಂದು ಖಾಲಿ ಹಾಳೆ ಬೇರೆ. ತಮಾಷೆ ಅಂದ್ರೆ, ಹಾಳೆ ಅಡ್ಡ ಇಟ್ಟರೆ ಐದೂ ಕಾಲಂ ಬರುತ್ತವೆ! ಪ್ರಿಂಟ್ ಅಂಗಡಿಯವರು ನಿಮ್ಮ ಫೈಲೇ ಸರಿ ಇಲ್ಲ ಅಂದರು.

ಮಸಿಕುಡಿಕೆ:
ಮಾರ್ಜಿನ್ ಜಾಸ್ತಿ ಆಗಿರಬೇಕು. ಪ್ರಿಂಟ್ ಡೈಲಾಗ್‌ನಲ್ಲಿ ಮಾರ್ಜಿನ್ ‘ನನ್’ ಇಟ್ಟು ನೋಡಿ.

ಓದುಕೋಣೆ:
ನೋಡಿದೆ ಸರ್. ಮೂರು ಕಾಲಂ ಇನ್ನಷ್ಟು ಅಗಲ ಆದವು, ಅಷ್ಟೇ.

ಸಾಲುಗಾರ:
ಅಂದರೆ ಕಾಲಂ ಕತ್ತರಿಸಿ ಹೋಗಿಲ್ಲ, ಯಾರೋ ಬೇಕಂತಲೇ ಮುಚ್ಚಿದ್ದಾರೆ. ಆ ಯಾರೋ ನೀವೇ ಇರಬಹುದು. ಫೋನ್‌ಗೆ ಅಂತ ಏನು ಬರೆದಿದ್ದೀರಿ?

ಓದುಕೋಣೆ:
ಅಗಲ 800 ಪಿಕ್ಸೆಲ್ ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ತಲೆಬರಹ ಮತ್ತು ಕೊನೆಯ ಎರಡು ಕಾಲಂಗೆ ‘ಡಿಸ್‌ಪ್ಲೇ ನನ್’, ಅಂದರೆ ತೋರಿಸಬೇಡ ಅಂತ. ಆದರೆ ನಾನು ಪ್ರಿಂಟ್ ಕೊಡೋದು ಲ್ಯಾಪ್‌ಟಾಪ್‌ನಿಂದ!

ಸಾಲುಗಾರ:
ಸಿಕ್ಕಿತು. ಪ್ರಿಂಟ್ ಕೊಟ್ಟಾಗ ಬ್ರೌಸರ್ ನಿಮ್ಮ ಲ್ಯಾಪ್‌ಟಾಪಿನ ಅಗಲ ನೋಡಲ್ಲ, ಹಾಳೆಯ ಅಗಲ ನೋಡುತ್ತೆ. ಎ4 ಅಗಲ 210 ಮಿ.ಮೀ. ಸಿಎಸ್‌ಎಸ್ ಲೆಕ್ಕದಲ್ಲಿ 25.4 ಮಿ.ಮೀ.ಗೆ 96 ಪಿಕ್ಸೆಲ್. ಭಾಗಿಸಿ ನೋಡಿ, ಸುಮಾರು 794 ಬರುತ್ತೆ. ನಿಮ್ಮ 800ಕ್ಕೆ ಆರು ಕಮ್ಮಿ. ಬ್ರೌಸರ್ ಕಣ್ಣಿಗೆ ಹಾಳೆ ಅಂದರೆ ಒಂದು ದೊಡ್ಡ ಫೋನ್. ಅಡ್ಡ ಇಟ್ಟರೆ 297 ಮಿ.ಮೀ., ಹತ್ತಿರ ಹತ್ತಿರ 1123 ಪಿಕ್ಸೆಲ್. ಅದಕ್ಕೇ ಐದೂ ಕಾಲಂ ಬಂತು.

ಆ ಫೋನ್ ನಿಯಮದ ಶುರುವಿನ ‘ಮೀಡಿಯಾ’ ಪದದ ನಂತರ ‘ಸ್ಕ್ರೀನ್ ಅಂಡ್’ ಸೇರಿಸಿ. ಆಗ ಫೋನ್ ನಿಯಮ ಪರದೆಗೆ ಮಾತ್ರ, ಹಾಳೆಗೆ ಸೋಕಲ್ಲ.

ಓದುಕೋಣೆ:
ಬ್ರೌಸರ್‌ನಲ್ಲೇ ಪುಟ ಪರೀಕ್ಷಿಸುವ ಡೆವ್‌ಟೂಲ್ಸ್‌ನಲ್ಲಿ ಪ್ರಿಂಟ್ ಮೀಡಿಯಾ ಆರಿಸಿ ನೋಡಿದ್ದೆ, ಅಲ್ಲಿ ಐದೂ ಇತ್ತು. ಅದನ್ನೇ ನಂಬಿ ಕೂತೆ.

ಸಾಲುಗಾರ:
ನಾನೂ ಒಮ್ಮೆ ಹಾಗೇ ಕೂತು ಒಂದಿಡೀ ಸಂಜೆ ಕಳೆದಿದ್ದೇನೆ. ಅದು ಮೀಡಿಯಾ ಮಾತ್ರ ಬದಲಿಸುತ್ತೆ. ಅಗಲ ನಿಮ್ಮ ಕಿಟಕಿಯದ್ದೇ ಇರುತ್ತೆ. ಕಿಟಕಿಯನ್ನು 794ಕ್ಕೆ ಕುಗ್ಗಿಸಿ ನೋಡಿದ್ದರೆ ಕಳ್ಳ ಅಲ್ಲೇ ಸಿಗುತ್ತಿದ್ದ.

ಇನ್ನು ಹರಿದ ಹೆಸರು. ‘ಟಿಆರ್’ಗೆ, ಅಂದರೆ ಟೇಬಲ್‌ನ ಪ್ರತಿ ಸಾಲಿಗೆ, ‘ಬ್ರೇಕ್-ಇನ್‌ಸೈಡ್: ಅವಾಯ್ಡ್’ ಕೊಡಿ. ಜಾಗ ಸಾಲದಿದ್ದರೆ ಇಡೀ ಸಾಲು ಮುಂದಿನ ಹಾಳೆಗೆ ಹೋಗುತ್ತೆ. ತಲೆಬರಹ ‘ಟಿಹೆಡ್’ (ಟೇಬಲ್‌ನ ತಲೆಭಾಗ) ಒಳಗಿದೆ ತಾನೆ? ಇದ್ದರೆ ಪ್ರತಿ ಹಾಳೆಯ ಮೇಲೂ ತಾನಾಗೇ ಬರುತ್ತೆ. ಬರೀ ಮೊದಲ ‘ಟಿಆರ್’ ದಪ್ಪ ಮಾಡಿದ್ದರೆ ಬರಲ್ಲ.

ಖಾಲಿ ಹಾಳೆ ಯಾಕೆ ಅಂತ ಹೇಳೋಕೆ ಪ್ರಿಂಟ್ ನಿಯಮ ಪೂರ್ತಿ ನೋಡಬೇಕು. ಹಾಕಿ.

ಓದುಕೋಣೆ:
‘ಟಿಹೆಡ್’ ಇದೆ. ಪ್ರಿಂಟ್‌ಗೆ ಬರೆದಿದ್ದು ಒಂದೇ ಸಾಲು. ಪುಟದ ಅಡಿಯಲ್ಲಿರುವ ಸಂಪರ್ಕದ ಪೆಟ್ಟಿಗೆಗೆ ‘ವಿಸಿಬಿಲಿಟಿ: ಹಿಡನ್’.

ಮಸಿಕುಡಿಕೆ:
ಇದು ನನಗೆ ಗೊತ್ತು! ಹಿಡನ್ ಅಂದರೆ ಕಣ್ಣಿಗೆ ಕಾಣಲ್ಲ, ಜಾಗ ಮಾತ್ರ ಬಿಡಲ್ಲ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟ್ ಹಿಡಿದ ಹಾಗೆ. ನಿಮ್ಮ ಪೆಟ್ಟಿಗೆ ಕೊನೇ ಹಾಳೆಯಲ್ಲಿ ಹಿಡಿಸದೆ ಮುಂದಿನದಕ್ಕೆ ಹೋಗಿ ಸುಮ್ನೆ ಕೂತಿದೆ. ‘ಡಿಸ್‌ಪ್ಲೇ: ನನ್’ ಹಾಕಿ.

ಓದುಕೋಣೆ:
ಬಂತು! 12 ಹಾಳೆ, ಐದೂ ಕಾಲಂ, ಪ್ರತಿ ಹಾಳೆಗೂ ತಲೆಬರಹ. ಖಾಲಿ ಹಾಳೆ ಹೋಯಿತು. ಅಂಗಡಿಯವರು ಹೇಳಿದ್ದು ನಿಜವೇ, ಫೈಲೇ ಸರಿ ಇರಲಿಲ್ಲ. ಒಂದೇ ಕೊರತೆ. ಸಾಲು ಬಿಟ್ಟು ಸಾಲಿಗೆ ತಿಳಿ ಹಳದಿ ಬಣ್ಣ ಇತ್ತು, ಅದು ಬಂದಿಲ್ಲ. ಪುಟ ಸಂಖ್ಯೆ ಹಾಕಬಹುದಾ?

ಸಾಲುಗಾರ:
ಮಸಿ ಉಳಿಸಲಿ ಅಂತ ಬ್ರೌಸರೇ ಹಿನ್ನೆಲೆ ಬಣ್ಣ ಬಿಡುತ್ತೆ. ‘ಪ್ರಿಂಟ್-ಕಲರ್-ಅಡ್ಜಸ್ಟ್: ಎಕ್ಸಾಕ್ಟ್’ ಅಂದರೆ ಹಾಕುತ್ತೆ. ನನ್ನ ಕೇಳಿದರೆ ಬೇಡ. ಕಪ್ಪು-ಬಿಳುಪು ಪ್ರಿಂಟರ್‌ನಲ್ಲಿ ಹಳದಿ ಬೂದು ಆಗಿ ಅಕ್ಷರ ಮಂಕಾಗುತ್ತೆ. ಹಿರಿಯರು ಓದಬೇಕಲ್ವಾ? ಸಾಲಿನ ಕೆಳಗೆ ಒಂದು ಸಣ್ಣ ಗೆರೆ ಸಾಕು. ಲೈನ್-ಹೈಟ್ (ಸಾಲಿನ ಎತ್ತರ) 1.6 ಇಡಿ, ಒತ್ತಕ್ಷರಗಳು ಗೆರೆಗೆ ತಾಕಲ್ಲ.

ಪುಟ ಸಂಖ್ಯೆಗೆ ‘@ಪೇಜ್’ (ಹಾಳೆಯ ನಿಯಮ) ಒಳಗೆ ‘@ಬಾಟಮ್-ಸೆಂಟರ್’ (ಹಾಳೆಯ ಅಡಿ, ನಡುವೆ) ಬರೆದು, ಅದರ ‘ಕಂಟೆಂಟ್’ಗೆ ಪೇಜ್ ಕೌಂಟರ್ ಕೊಡಿ. ಕ್ರೋಮ್‌ನಲ್ಲಿ ಇದು 131ನೇ ಆವೃತ್ತಿಯಿಂದ ಇದೆ. ನಿಮ್ಮದು ಹಳೆಯದಾದರೆ ಮೊದಲು ಅಪ್‌ಡೇಟ್ ಮಾಡಿ.

ಓದುಕೋಣೆ:
ಅಪ್‌ಡೇಟ್ ಮಾಡಿದೆ, ಸಂಖ್ಯೆ ಬಂತು. ಗೆರೆಯೂ ಹಾಕಿದೆ. ನಾಳೆ ಬೈಂಡಿಂಗ್‌ಗೆ ಕೊಡುತ್ತೇನೆ.

ಮಸಿಕುಡಿಕೆ:
ಬೈಂಡಿಂಗಾ? ಹಾಗಾದರೆ ಎಡಗಡೆ ಮಾರ್ಜಿನ್ 25 ಮಿ.ಮೀ. ಮಾಡಿ ಮತ್ತೆ ಪ್ರಿಂಟ್ ತೆಗೀರಿ. ಇಲ್ಲದಿದ್ದರೆ ಕ್ರಮ ಸಂಖ್ಯೆ ಹೊಲಿಗೆಯೊಳಗೆ ಹೋಗುತ್ತೆ.