ಜುರಾ ಸೀಮೆಯ ಪದಗಳು: ‘ವುವಾಲ್’ಗೆ ಮುಸುಕೋ ಪೊರೆಯೋ? ‘ರೆಕ್ಯುಲೆ’ಗೆ ಏನು?

ಪ್ರಶ್ನೆ: ಫ್ರಾನ್ಸಿನಲ್ಲಿ ಬರ್ಗಂಡಿಗೂ ಸ್ವಿಟ್ಜರ್ಲೆಂಡಿಗೂ ನಡುವೆ ಇರುವ ಜುರಾ ಬೆಟ್ಟಸೀಮೆಯ ಬಗೆಗಿನ ಪ್ರವಾಸ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿಯ ಹೆಸರಾಂತ ಹಳದಿ ವೈನ್, ಅಂದರೆ ‘ವ್ಯಾಂ ಜೋನ್’, ಆರು ವರ್ಷ ‘ವುವಾಲ್’ ಕೆಳಗೆ ಇರುತ್ತದಂತೆ. ನಿಘಂಟು ಮುಸುಕು, ಪರದೆ ಎನ್ನುತ್ತದೆ. ‘ಮುಸುಕಿನ ಕೆಳಗೆ’ ಎಂದು ಬರೆದರೆ ಪೀಪಾಯಿಗೆ ಬಟ್ಟೆ ಹೊದಿಸಿದಂತೆ ಕೇಳಿಸುತ್ತದೆ. ‘ಉಯೆ’, ‘ರೆಕ್ಯುಲೆ’ ಎಂಬ ಪದಗಳಿಗೂ ಕನ್ನಡ ಬೇಕು. ವೈನ್‌ಗೆ ‘ದ್ರಾಕ್ಷಾರಸ’ ಸರಿಹೋದೀತೇ? ಬಲ್ಲವರು ತಿಳಿಸಬೇಕು.

ಉತ್ತರ 1: ‘ಪೊರೆ’ ಎನ್ನಿ. ಅದು ಏನು ಎಂದು ನೋಡಿದರೆ ಪದ ತಾನಾಗಿ ಒದಗುತ್ತದೆ. ಸವಾನ್ಯಾಂ ದ್ರಾಕ್ಷಿಯ ವೈನ್ ಹುದುಗಿದ ಮೇಲೆ ಅದನ್ನು 228 ಲೀಟರಿನ ಓಕ್ ಪೀಪಾಯಿಗೆ ತುಂಬಿ, ಮೇಲೆ ಸ್ವಲ್ಪ ಜಾಗ ಉಳಿಸಿ, ಮುಟ್ಟದೆ ಇಡುತ್ತಾರೆ. ಮರದ ಮೂಲಕ ಆವಿಯಾಗುತ್ತಾ ಮಟ್ಟ ಇಳಿಯುತ್ತದೆ. ಆ ಕೊರತೆಯನ್ನು ತುಂಬುವುದಿಲ್ಲ. ಗಾಳಿ ತಾಗುವ ಮೇಲ್ಮೈಯಲ್ಲಿ ಯೀಸ್ಟ್ ತೇಲಿ ಹರಡಿ ಬೂದುಬಿಳುಪಿನ, ಸುಕ್ಕುಸುಕ್ಕಾದ ತೆಳ್ಳನೆಯ ಹಾಳೆ ಕಟ್ಟುತ್ತದೆ. ಅದೇ ವುವಾಲ್. ಅದು ಆಮ್ಲಜನಕವನ್ನು ತಾನು ಬಳಸಿಕೊಂಡು ಕೆಳಗಿನ ವೈನನ್ನು ಕಾಯುತ್ತದೆ. ಪೊರೆ ಸರಿಯಾಗಿ ಹಿಡಿಯದಿದ್ದರೆ ಅಸಿಟಿಕ್ ಬ್ಯಾಕ್ಟೀರಿಯಾ ಸೇರಿಕೊಂಡು ವೈನ್ ವಿನೆಗರ್ ಹಾದಿ ಹಿಡಿಯುತ್ತದೆ. ಅದಕ್ಕೇ ಪೀಪಾಯಿ ಪೀಪಾಯಿಗೂ ಮಾದರಿ ತೆಗೆದು ಪರೀಕ್ಷಿಸಿ, ಕೈಕೊಟ್ಟದ್ದನ್ನು ಬೇರೆ ಮಾಡುತ್ತಾರೆ.

‘ಕೆನೆ’ ಎಂದರೆ ಜಿಡ್ಡಿನ ನೆನಪಾಗುತ್ತದೆ. ‘ಬೂಷ್ಟು’ ನೋಟಕ್ಕೆ ಹತ್ತಿರವೇ, ಆದರೆ ಉಪ್ಪಿನಕಾಯಿ ಜಾಡಿಯಲ್ಲಿ ಬೂಷ್ಟು ಕಂಡರೆ ನಮಗೆ ಅದು ಕೆಟ್ಟಿತೆಂದೇ ಅರ್ಥ. ‘ಪೊರೆ’ಯಲ್ಲಿ ತೆಳುವಾದ ಹೊದಿಕೆಯೂ ಇದೆ, ‘ಪೊರೆ’ ಎಂಬ ಕ್ರಿಯಾಪದದ ಕಾಪಾಡು ಎಂಬ ಅರ್ಥದ ನೆರಳೂ ಇದೆ. ಇಷ್ಟು ಚೆನ್ನಾಗಿ ಕೂರುವ ಪದ ಸಿಗುವುದು ಅಪರೂಪ.

ಲೆಕ್ಕವನ್ನೂ ತಿದ್ದಿಕೊಳ್ಳಿ. ಕೊಯ್ಲಿನಿಂದ ಮಾರಾಟಕ್ಕೆ ಬರುವ ತನಕ ಆರು ವರ್ಷ ಮೂರು ತಿಂಗಳು. ಅದರಲ್ಲಿ ಪೊರೆಯಡಿ ಕಡ್ಡಾಯವಾಗಿ ಇರಬೇಕಾದದ್ದು 60 ತಿಂಗಳು. ಒಂದು ಲೀಟರ್ ಇಟ್ಟರೆ ಕೊನೆಗೆ ಉಳಿಯುವುದು 62 ಸೆಂಟಿಲೀಟರ್ ಎಂಬುದು ಅಲ್ಲಿಯವರ ಲೆಕ್ಕ. ‘ಕ್ಲಾವ್‌ಲ್ಯಾಂ’ ಎಂಬ ಗಿಡ್ಡ ಬಾಟಲಿಯ ಅಳತೆಯೂ ಅಷ್ಟೇ, ಅದನ್ನು ‘ಮುಕ್ಕಾಲು ಲೀಟರ್ ಬಾಟಲಿ’ ಎಂದು ಬರೆಯಬೇಡಿ.

ಈ ವೈನಿನ ಪರಿಮಳಕ್ಕೆ ಮೂಲದಲ್ಲಿ ‘ಅಕ್ರೋಟು, ಕರಿ’ (ಇಂಗ್ಲಿಷಿನ curry) ಎಂದು ಇದ್ದೀತು. ‘ಕರಿ’ ಎಂದರೆ ನಮಗೆ ಯಾವ ವಾಸನೆ? ಏನೂ ತೋಚದು. ಅಲ್ಲಿ ಮುಖ್ಯ ಕೆಲಸ ಮಾಡುವ ಸೊಟೊಲಾನ್ ಎಂಬ ಸಂಯುಕ್ತವೇ ಮೆಂತ್ಯಕಾಳಿಗೂ ಅದರ ವಾಸನೆ ಕೊಡುವುದು. ‘ಅಕ್ರೋಟು, ಮೆಂತ್ಯ’ ಎಂದು ಧೈರ್ಯವಾಗಿ ಬರೆಯಿರಿ.

‘ಉಯೆ’ ಇದಕ್ಕೆ ವಿರುದ್ಧ: ಇಳಿದಷ್ಟನ್ನೂ ಮತ್ತೆ ಮತ್ತೆ ತುಂಬುತ್ತಾ ಪೊರೆಗೆ ಜಾಗವೇ ಕೊಡದೆ ಬೆಳೆಸಿದ್ದು. ಫ್ರೆಂಚರು ಪೀಪಾಯಿಯ ‘ಕಣ್ಣಿ’ನ, ಅಂದರೆ ವೈನ್ ಹೊಯ್ಯುವ ತೂತಿನ ತನಕ ತುಂಬುತ್ತಾರೆ, ಪದದ ಮೂಲ ಅದೇ. ನಾವು ತುಂಬುವುದು ಕಂಠದ ತನಕ. ‘ಕಂಠಮಟ್ಟ ತುಂಬಿಸಿಟ್ಟ’ ಎಂದರೆ ಸಾಕು. ಅದೇ ಸವಾನ್ಯಾಂ ಹೀಗೆ ಬೆಳೆದರೆ ಮೆಂತ್ಯದ ವಾಸನೆ ಬರುವುದಿಲ್ಲ, ಹಣ್ಣಿನ ತಾಜಾತನ ಉಳಿಯುತ್ತದೆ. ಕೊಳ್ಳುವವರಿಗೆ ಈ ವ್ಯತ್ಯಾಸ ಮುಖ್ಯ.

‘ದ್ರಾಕ್ಷಾರಸ’ ಬೇಡ. ಅಲ್ಲಿಯದೇ ‘ಮಾಕ್ವ್ಯಾಂ’ ಇದೆಯಲ್ಲ, ಹುದುಗದ ದ್ರಾಕ್ಷಿರಸಕ್ಕೆ, ಹಿಂಡಿದ ಸಿಪ್ಪೆಯಿಂದ ಬಟ್ಟಿಯಿಳಿಸಿದ ಮದ್ಯವನ್ನು ಸುಮಾರು ಮೂರನೆಯ ಒಂದು ಪಾಲು ಬೆರೆಸಿದ್ದು. ಅದನ್ನು ವಿವರಿಸುವಾಗ ರಸ ಯಾವುದು, ದ್ರಾಕ್ಷಾರಸ ಯಾವುದು ಎಂದು ಓದುಗರು ಗೊಂದಲಕ್ಕೆ ಬೀಳುತ್ತಾರೆ. ವೈನ್ ಎಂದೇ ಇರಲಿ.

ಉತ್ತರ 2: ‘ರೆಕ್ಯುಲೆ’ಗೆ ‘ಕುರುಡು ಕಣಿವೆ’ ಎಂದು ಬರೆದದ್ದುಂಟು, ಅದು ತಪ್ಪು. ಭೂಗೋಳದಲ್ಲಿ ಕುರುಡು ಕಣಿವೆ ಎಂದರೆ ಹೊಳೆ ಕೆಳತುದಿಯಲ್ಲಿ ನೆಲದೊಳಗೆ ಇಂಗಿ ಕಣಿವೆ ಮುಗಿಯುವುದು. ರೆಕ್ಯುಲೆಯಲ್ಲಿ ಮುಚ್ಚಿರುವುದು ಮೇಲಿನ ತುದಿ. ಸುಣ್ಣಕಲ್ಲಿನ ಪ್ರಸ್ಥಭೂಮಿಯೊಳಗೆ ಇಳಿದ ನೀರು ಬಂಡೆಯ ಬುಡದಲ್ಲಿ ಊಟೆಯಾಗಿ ಚಿಮ್ಮುತ್ತದೆ, ಬುಡ ಕೊರೆಯುತ್ತದೆ, ಮೇಲಿನದು ಕುಸಿಯುತ್ತದೆ, ಗೋಡೆ ಹಿಂದಕ್ಕೆ ಸರಿಯುತ್ತದೆ. ‘ಹಿಂದೆ ಸರಿ’ ಎಂಬ ಧಾತುವೇ ಆ ಪದದಲ್ಲಿರುವುದು. ಬೋಮ್ ಲೆ ಮೆಸ್ಯೋ ಊರಿನ ರೆಕ್ಯುಲೆಯಲ್ಲಿ ಸುಮಾರು 200 ಮೀಟರ್ ಎತ್ತರದ ಬಂಡೆಗೋಡೆ, ಗುಹೆಗಳು, ಪಾಚಿ ಹಿಡಿದ ಸುಣ್ಣದ ದಿಬ್ಬದ ಮೇಲೆ ಹರಡಿ ಬೀಳುವ ಅಬ್ಬಿ, ಎಲ್ಲವೂ ಇವೆ. ಅಲ್ಲಿಯ ಮಠದ ಅಧಿಪತಿ ಬೆರ್ನೋ 910ರ ಸುಮಾರಿಗೆ ಕ್ಲೂನಿ ಮಠವನ್ನು ಕಟ್ಟಿದ್ದು.

ಉತ್ತರ ಕರ್ನಾಟಕದ ‘ಕೊಳ್ಳ’ ಇದಕ್ಕೆ ಬಹಳ ಹತ್ತಿರ. ಐಹೊಳೆ ಬಳಿಯ ಸಿದ್ಧನಕೊಳ್ಳ ನೋಡಿದವರಿಗೆ ತುದಿಯಲ್ಲಿ ಬಂಡೆ ಅಡ್ಡನಿಂತ ಜಾಗ ಎಂದರೆ ಕಣ್ಣಿಗೆ ಕಟ್ಟುತ್ತದೆ. ಅಲ್ಲಿಯದು ಮರಳುಗಲ್ಲು, ಅಷ್ಟೇ. ‘ಹಳ್ಳಕೊಳ್ಳ’ ಎಲ್ಲ ಕಡೆ ಗೊತ್ತಿರುವುದರಿಂದ ಮೈಸೂರು ಸೀಮೆಯವರಿಗೂ ತೊಡಕಾಗದು. ‘ಮೊಂಡುಗೊಳ್ಳ’ ಎಂದು ನನ್ನ ಸಲಹೆ, ಮೊದಲ ಸಲ ಬಂದಾಗ ಒಂದು ಸಾಲಿನ ವಿವರಣೆ ಕೊಡಿ.

ಎರಡು ಎಚ್ಚರಿಕೆ. ‘ಜುರಾಸಿಯೆಂ’ ಎಂದರೆ ಜುರಾ ಸೀಮೆಯದು, ಜುರಾಸಿಕ್ ಕಾಲದ್ದಲ್ಲ. ಕಾಲಕ್ಕೆ ಈ ಬೆಟ್ಟಗಳಿಂದ ಹೆಸರು ಬಂತು. ‘ಶಾತೊ ಶಾಲೋಂ’ ಬಂಗಲೆಯಲ್ಲ, ಬಂಡೆಯ ನೆತ್ತಿಯ ಮೇಲಿನ ಹಳ್ಳಿ. ಆ ಹೆಸರಿನಲ್ಲಿ ಹಳದಿ ವೈನ್ ಮಾತ್ರ ಬರುತ್ತದೆ. ಫಸಲು ಸಾಲದೆಂದು 1974, 1980, 1984, 2001ರಲ್ಲಿ ಅದನ್ನೂ ಮಾಡಲಿಲ್ಲ.

ಪ್ರಶ್ನೆ ಕೇಳಿದವರಿಂದ: ವಂದನೆಗಳು. ಈಗ ವಾಕ್ಯ ಹೀಗಿದೆ: ‘ಮೊಂಡುಗೊಳ್ಳದ ಬಾಯಿಗೆ ಎದುರಾಗಿ, ಸುಣ್ಣ ಬೆರೆತ ಜೇಡಿಮಣ್ಣಿನ ಇಳಿಜಾರಿನಲ್ಲಿ ಬೆಳೆದ ಸವಾನ್ಯಾಂ, ಪೀಪಾಯಿಯಲ್ಲಿ ಐದು ವರ್ಷ ಪೊರೆಯಡಿ ಕಳೆದು ಹಳದಿ ವೈನ್ ಆಗುತ್ತದೆ.’ ‘ಪೊರೆಯಡಿ’ ಒಂದೇ ಪದವಾಗಿ ಬರೆದಿದ್ದೇನೆ. ಬಿಡಿಸಿ ಬರೆಯಬೇಕೆಂದಿದ್ದರೆ ಹೇಳಿ.