ವಿಡಿಯೋ ಎಡಿಟಿಂಗಿಗೆ ಲ್ಯಾಪ್‌ಟಾಪ್ ಯಾವುದು? ಕುಮಟಾ, ಶಿರಸಿ, ಯಲ್ಲಾಪುರ, ಕಾರವಾರದವರ ಅನುಭವ

ಕೇಳಿದವರು, ಕುಮಟಾದಿಂದ

ನಮಸ್ಕಾರ. ಮದುವೆ, ಉಪನಯನ, ಯಕ್ಷಗಾನದ ವಿಡಿಯೋ ಮಾಡುವುದು ನನ್ನ ಕೆಲಸ. ಈಗಿರುವ ಲ್ಯಾಪ್‌ಟಾಪಿಗೆ ಆರು ವರ್ಷ ಆಯ್ತು. ಮೊನ್ನೆ ಹೊಸ ಕ್ಯಾಮೆರಾ ತಗೊಂಡೆ. ಅದರ 4ಕೆ ಫೈಲ್ ಹಾಕಿದರೆ ತಡೆದು ತಡೆದು ಓಡುತ್ತದೆ. ಭಾಗವತರ ದನಿ ಮುಂದೆ ಹೋಗಿರುತ್ತದೆ, ಬಾಯಿ ಹಿಂದೆ ಉಳಿದಿರುತ್ತದೆ. ಆಲ್ಬಮ್ ಕೆಲಸವೂ ಇದೆ, ತ್ರೀಡಿ ಚಿತ್ರ ಮಾಡುವ ಬ್ಲೆಂಡರ್ ತಂತ್ರಾಂಶ ಕಲಿಯುವ ಆಸೆಯೂ ಇದೆ. 1 ಲಕ್ಷ 20 ಸಾವಿರದವರೆಗೆ ಹೊಂದಿಸಬಹುದು. ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಳಲಾ, ಮ್ಯಾಕ್‌ಬುಕ್ ತಗೊಳ್ಳಲಾ? ನಮ್ಮ ಮಳೆಗಾಲಕ್ಕೆ ಇವು ಬಾಳಿಕೆ ಬರುತ್ತವಾ? ಸಾಲ ಮಾಡಿ ತರುವುದು. ತಪ್ಪಾದರೆ ಇನ್ನೊಂದು ತರುವ ಶಕ್ತಿ ಇಲ್ಲ. ಬಳಸಿದವರು ದಯವಿಟ್ಟು ಹೇಳಿ.

ಶಿರಸಿಯಿಂದ

ನಾನೂ ನಿಮ್ಮದೇ ಕೆಲಸ ಮಾಡುವವನು, ಹನ್ನೊಂದು ವರ್ಷ ಆಯ್ತು. ಸಾಲದ ಮಾತು ಓದಿ ಸುಮ್ನೆ ಕೂರಲು ಮನಸ್ಸಾಗಲಿಲ್ಲ, ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಲ್ಯಾಪ್‌ಟಾಪ್ ಹುಡುಕುವ ಮೊದಲು ನಿಮ್ಮ ಕ್ಯಾಮೆರಾದ ಫೈಲ್ ಎಂಥದ್ದು ಅಂತ ನೋಡಿ. ಮೀಡಿಯಾಇನ್ಫೋ ಅನ್ನುವ ಉಚಿತ ತಂತ್ರಾಂಶ ಇದೆ. ಅದರಲ್ಲಿ ಒಂದು ಕ್ಲಿಪ್ ತೆರೆದರೆ ಎಲ್ಲ ಬರೆದಿರುತ್ತದೆ. ಎಚ್.264 ಅಥವಾ ಎಚ್.265 (ಫೈಲ್ ಒತ್ತಿದ ಬಗೆ), 8 ಬಿಟ್ ಅಥವಾ 10 ಬಿಟ್ (ಬಣ್ಣದ ಮೆಟ್ಟಿಲುಗಳ ಲೆಕ್ಕ), 4:2:0 ಅಥವಾ 4:2:2 (ಬಣ್ಣದ ವಿವರ ಎಷ್ಟು ಉಳಿಸಿದೆ ಅನ್ನುವುದು). ಈ ಮೂರು ಮಾತು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅಂಗಡಿಗೆ ಹೋಗುವಾಗ ದುಡ್ಡಿನಷ್ಟೇ ಮುಖ್ಯ ಆ ಚೀಟಿ.

ಯಾಕೆ ಹೇಳುತ್ತೇನೆ ಅಂದರೆ, 2023ರಲ್ಲಿ ನಾನು ಗ್ರಾಫಿಕ್ಸ್ ಕಾರ್ಡಿನ ನಂಬರ್ ಒಂದನ್ನೇ ನೋಡಿ ತಂದೆ. ದೊಡ್ಡ ಕಾರ್ಡ್, ದೊಡ್ಡ ಬೆಲೆ. ಮನೆಗೆ ತಂದು ಮದುವೆಯ ಕ್ಲಿಪ್ ಹಾಕಿದರೆ ಹಳೆಯದರ ಹಾಗೇ ತಡೆದು ನಿಂತಿತು. ಎರಡು ದಿನ ಸೆಟ್ಟಿಂಗ್ ತಿರುಗಿಸಿದೆ. ಮೂರನೇ ದಿನ ಅದೇ ಪೆನ್‌ಡ್ರೈವ್ ಹಿಡಿದುಕೊಂಡು ಸಿದ್ದಾಪುರದ ಗೆಳೆಯನ ಮನೆಗೆ ಹೋದೆ. ಅವನದು ನನ್ನದರ ಅರ್ಧ ಬೆಲೆಯದು, ಬೇರೆ ಕಾರ್ಡೇ ಇಲ್ಲ. ಅದೇ ಕ್ಲಿಪ್ ಅದರಲ್ಲಿ ನೀರಿನ ಹಾಗೆ ಓಡಿತು. ಚಹಾ ಆರಿದ್ದೂ ಗೊತ್ತಾಗದೆ ನೋಡುತ್ತಾ ಕೂತಿದ್ದೆ.

ಕಾರಣ ಆಮೇಲೆ ತಿಳಿಯಿತು. ಕ್ಯಾಮೆರಾ ಫೈಲನ್ನು ಒತ್ತಿ ಗಂಟು ಕಟ್ಟಿ ಕೊಡುತ್ತದೆ. ಆ ಗಂಟು ಬಿಚ್ಚಲು ಚಿಪ್ಪಿನ ಒಳಗೆ ಬೇರೆಯೇ ಒಂದು ಭಾಗ ಇರುತ್ತದೆ. ಎಲ್ಲ ಚಿಪ್ಪಿಗೂ ಎಲ್ಲ ಗಂಟು ಬಿಚ್ಚಲು ಬರುವುದಿಲ್ಲ. ಸೋನಿ, ಕ್ಯಾನನ್‌ನ ಈಚಿನ ಹಲವು ಕ್ಯಾಮೆರಾಗಳು ಎಚ್.265, 10 ಬಿಟ್, 4:2:2 ಫೈಲ್ ಕೊಡುತ್ತವೆ. ಇಂಟೆಲ್‌ನ 11ನೇ ತಲೆಮಾರಿನ ನಂತರದ ಚಿಪ್‌ಗಳಲ್ಲಿ ಇರುವ ಒಳಗಿನ ಗ್ರಾಫಿಕ್ಸ್ ಇದನ್ನು ಬಿಚ್ಚುತ್ತದೆ. ಆಪಲ್‌ನ ಎಂ ಚಿಪ್‌ಗಳೂ ಬಿಚ್ಚುತ್ತವೆ. ಎನ್‌ವಿಡಿಯಾದ 30 ಮತ್ತು 40 ಸರಣಿಯ ಕಾರ್ಡ್‌ಗಳಲ್ಲಿ 4:2:2ಕ್ಕೆ ಆ ಸೌಕರ್ಯ ಇಲ್ಲ, 50 ಸರಣಿಯಲ್ಲಿ ಸೇರಿಸಿದ್ದಾರೆ. ಬಿಚ್ಚುವ ಭಾಗ ಇಲ್ಲದಿದ್ದರೆ ಆ ಭಾರವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ, ಆಗಲೇ ಈ ತಡವರಿಕೆ. ನಿಮ್ಮದು 8 ಬಿಟ್ 4:2:0 ಆಗಿದ್ದರೆ ಈ ತಲೆಬಿಸಿ ಇಲ್ಲ, ಈಗಿನ ಯಾವ ಒಳ್ಳೆಯ ಲ್ಯಾಪ್‌ಟಾಪಾದರೂ ನಡೆಯುತ್ತದೆ.

ಹಾಗಾದರೆ 10 ಬಿಟ್ ಬಿಟ್ಟುಬಿಡುವುದಾ ಅಂತ ಕೇಳಬಹುದು. ಬೇಡ. 8 ಬಿಟ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್‌ನಲ್ಲಿ 1024. ರಂಗಸ್ಥಳದ ದೀಪದ ಕೆಳಗೆ ಕೆಂಪು ಚೌಕುಳಿಯ ಕಸೆ ಸೀರೆ ಕುಣಿಯುವಾಗ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಬಣ್ಣ ತಿದ್ದುವಾಗ 8 ಬಿಟ್‌ನ ಕೆಂಪು ಬೇಗ ಒಡೆಯುತ್ತದೆ.

ಜಾಗದ ಲೆಕ್ಕವನ್ನೂ ಈಗಲೇ ಹಾಕಿ. ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಬರೆದರೆ ಗಂಟೆಗೆ 45 ಜಿಬಿ. ಎಂಟು ತಾಸಿನ ಯಕ್ಷಗಾನ ಆಟಕ್ಕೆ 360 ಜಿಬಿ. ಎರಡು ಕ್ಯಾಮೆರಾ ಇಟ್ಟರೆ 720. ಅಂದರೆ 512 ಜಿಬಿಯ ಲ್ಯಾಪ್‌ಟಾಪಿನಲ್ಲಿ ಒಂದು ರಾತ್ರಿಯ ಆಟವೂ ಹಿಡಿಸುವುದಿಲ್ಲ. ಒಳಗೆ 1 ಟಿಬಿ ಇರಲಿ, ಇನ್ನೊಂದು ಎಸ್‌ಎಸ್‌ಡಿ ಕೂರಿಸಲು ಖಾಲಿ ಜಾಗ ಇದೆಯಾ ಅಂತ ಕೇಳಿ. ರ್‍ಯಾಮ್ 16 ಜಿಬಿಗಿಂತ ಕಡಿಮೆ ಬೇಡವೇ ಬೇಡ, 32 ಇದ್ದರೆ ನೆಮ್ಮದಿ. ಈಗ 16 ತಗೊಂಡು ಮುಂದಿನ ಸೀಸನ್ನಿಗೆ ಸೇರಿಸುವುದಾದರೆ ರ್‍ಯಾಮ್ ಬಿಚ್ಚಿ ಹಾಕುವಂಥದ್ದಾ, ಬೋರ್ಡಿಗೆ ಬೆಸೆದದ್ದಾ ಅಂತ ನೋಡಲೇಬೇಕು. ತೆಳ್ಳಗಿನ ಎಷ್ಟೋ ಮಾದರಿಗಳಲ್ಲಿ ಬೆಸೆದಿರುತ್ತಾರೆ.

ಮ್ಯಾಕ್‌ಬುಕ್ ವಿಷಯ. ನಿಮ್ಮ ಬಜೆಟ್ಟಿಗೆ ಏರ್ ಬರುತ್ತದೆ. ಚಾರ್ಜರ್ ತೆಗೆದರೂ ವೇಗ ಕಡಿಮೆ ಆಗುವುದಿಲ್ಲ, ಕರೆಂಟಿನ ಭರವಸೆ ಇಲ್ಲದ ನಮ್ಮಂಥ ಊರಿಗೆ ಅದು ದೊಡ್ಡ ಗುಣ. ಆದರೆ ಏರ್‌ನಲ್ಲಿ ಫ್ಯಾನ್ ಇಲ್ಲ. ಮೂರು ಗಂಟೆಯ ಮದುವೆ ವಿಡಿಯೋ ಹೊರತೆಗೆಯುವಾಗ (ಎಕ್ಸ್‌ಪೋರ್ಟ್) ಬಿಸಿಯಾಗಿ ನಿಧಾನ ಆಗುತ್ತದೆ. ರ್‍ಯಾಮ್ ಆಮೇಲೆ ಸೇರಿಸುವ ದಾರಿಯೇ ಇಲ್ಲ. ನಿಮ್ಮ ಆಲ್ಬಮ್ ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ಓಡುವಂಥದ್ದಾ ಅಂತಲೂ ಮೊದಲು ನೋಡಿಕೊಳ್ಳಿ. ಬರೀ ವಿಡಿಯೋ ಮಾಡುವವರಾಗಿದ್ದರೆ ನಾನು ಎರಡನೇ ಮಾತಿಲ್ಲದೆ ಮ್ಯಾಕ್ ಅನ್ನುತ್ತಿದ್ದೆ. ಆಲ್ಬಮ್ಮೂ ಬ್ಲೆಂಡರೂ ಸೇರಿರುವುದರಿಂದ ನಿಮಗೆ ಇಂಟೆಲ್ ಮತ್ತು ಎನ್‌ವಿಡಿಯಾ ಎರಡೂ ಇರುವ ವಿಂಡೋಸ್ ಯಂತ್ರವೇ ಸರಿ ಅಂತ ನನ್ನ ಅನಿಸಿಕೆ.

ಹೊಸದು ಬರುವ ತನಕ ಪ್ರಾಕ್ಸಿ ಮಾಡಿಕೊಂಡು ಕೆಲಸ ನಡೆಸಿ. ದೊಡ್ಡ ಫೈಲಿನ ಒಂದು ಸಣ್ಣ ನಕಲು ಮಾಡಿ ಅದರ ಮೇಲೆ ಕತ್ತರಿಸುವುದು, ಕೊನೆಗೆ ಹೊರತೆಗೆಯುವಾಗ ತಂತ್ರಾಂಶ ತಾನೇ ಮೂಲ ಫೈಲ್ ತಗೊಳ್ಳುತ್ತದೆ. ಪ್ರೀಮಿಯರ್‌ನಲ್ಲೂ ಇದೆ, ಡಾವಿಂಚಿ ರಿಸಾಲ್ವ್‌ನಲ್ಲೂ ಇದೆ. ರಾತ್ರಿ ಮಲಗುವಾಗ ಹಚ್ಚಿಟ್ಟರೆ ಬೆಳಿಗ್ಗೆ ತಯಾರಾಗಿರುತ್ತದೆ. ಆ ಹಳೆಯ ಲ್ಯಾಪ್‌ಟಾಪಿನಲ್ಲೇ ಈ ಸೀಸನ್ ದಾಟಬಹುದು. ಗಡಿಬಿಡಿಯಲ್ಲಿ ಸಾಲ ಮಾಡಬೇಡಿ.

ಯಲ್ಲಾಪುರದಿಂದ, ಆಲ್ಬಮ್ ಮತ್ತು ಆಮಂತ್ರಣ ಪತ್ರಿಕೆ ವಿನ್ಯಾಸ ಮಾಡುವವರು

ಶಿರಸಿಯ ಅಣ್ಣ ಪರದೆಯ ಬಗ್ಗೆ ಹೇಳಲಿಲ್ಲ. ಆಲ್ಬಮ್ ಮಾಡುವವರಿಗೆ ನನ್ನ ಪ್ರಕಾರ ಅದೇ ಮೊದಲನೆಯದು.

ಒಂದು ಮದುವೆ ಆಲ್ಬಮ್‌ನಲ್ಲಿ ಹುಡುಗಿಯ ಧಾರೆ ಸೀರೆ ಅರಿಶಿಣ ಬಣ್ಣದ್ದು. ನನ್ನ ಲ್ಯಾಪ್‌ಟಾಪಿನಲ್ಲಿ ಮಂಕಾಗಿ ಕಂಡಿತು ಅಂತ ಬಣ್ಣ ಏರಿಸಿದೆ. ಮುದ್ರಣವಾಗಿ ಬಂದಾಗ ಸೀರೆ ಕಿತ್ತಳೆ, ಮುಖಕ್ಕೂ ಅದೇ ಬಣ್ಣ. ಹುಡುಗಿಯ ಅಮ್ಮ ಏನೂ ಅನ್ನಲಿಲ್ಲ. ಆಲ್ಬಮ್ ಮೇಲೆ ಕೈ ಇಟ್ಟು, ಬೀರುವಿನಿಂದ ಸೀರೆ ತಂದು ಪಕ್ಕದಲ್ಲಿಟ್ಟರು, ಅಷ್ಟೇ. 36 ಹಾಳೆ ನನ್ನ ಕೈಯಿಂದ ಹಣ ಹಾಕಿ ಮತ್ತೆ ಮಾಡಿಸಿಕೊಟ್ಟೆ.

ಪರದೆಯ ವಿವರದಲ್ಲಿ 45 ಶೇಕಡಾ ಎನ್‌ಟಿಎಸ್‌ಸಿ (ಪರದೆ ಎಷ್ಟು ಬಣ್ಣ ತೋರಿಸುತ್ತದೆ ಅನ್ನುವ ಅಳತೆ) ಅಂತ ಬರೆದಿದ್ದರೆ ಆ ಮಾದರಿ ಬಿಟ್ಟುಬಿಡಿ. ಎಸ್‌ಆರ್‌ಜಿಬಿ ಅನ್ನುವ ಸಾಮಾನ್ಯ ಬಣ್ಣಪಟ್ಟಿಯ ಬಣ್ಣಗಳಲ್ಲಿ ಮೂರರಲ್ಲಿ ಎರಡು ಪಾಲನ್ನೂ ಅದು ತೋರಿಸುವುದಿಲ್ಲ. ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಕಡಿಮೆ ಬೆಲೆಯವಕ್ಕೆ ಇಂಥ ಪರದೆ ಹಾಕುವುದು ಜಾಸ್ತಿ. ಒಂದೇ ಹೆಸರಿನ ಮಾದರಿಯಲ್ಲೇ ಎರಡು ಬಗೆಯ ಪರದೆ ಬರುವುದುಂಟು, ಹಾಗಾಗಿ ಪೂರ್ತಿ ಮಾದರಿ ಸಂಖ್ಯೆ ಹಿಡಿದು ನೋಡಿ. 100 ಶೇಕಡಾ ಎಸ್‌ಆರ್‌ಜಿಬಿ ಇರಲೇಬೇಕು.

ಇನ್ನೊಂದು, ಹೊಸ ಯಂತ್ರಕ್ಕೆ ಫೋಟೋಶಾಪ್ ಹಾಕಿದ ದಿನ ಕನ್ನಡ ಒತ್ತಕ್ಷರ ಒಡೆದು ಕಂಡರೆ ಹೆದರಬೇಡಿ. ಹಳೆಯ ಆವೃತ್ತಿಯಾದರೆ ಪ್ರಿಫರೆನ್ಸಸ್‌ನ ಟೈಪ್ ಭಾಗದಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿ. ಪ್ರೀಮಿಯರ್‌ನಲ್ಲಿ ಗ್ರಾಫಿಕ್ಸ್ ಭಾಗದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಇದೆ. ‘ಶ್ರೀ’ ಸರಿಯಾಗಿ ಬಂತು ಅಂದರೆ ಎಲ್ಲ ಬರುತ್ತದೆ. ಹಳೆಯ ನುಡಿ ಫಾಂಟಿನ ಪತ್ರಿಕೆಗಳಿದ್ದರೆ ಯೂನಿಕೋಡ್‌ಗೆ ಬದಲಿಸಿ ಇಟ್ಟುಕೊಳ್ಳಿ.

ಕಾರವಾರದಿಂದ, ಮನೆಗಳ ತ್ರೀಡಿ ಚಿತ್ರ ಮಾಡುವವರು

ಬ್ಲೆಂಡರ್ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ಅದರ ಸೈಕಲ್ಸ್ ಅನ್ನುವ ಭಾಗದಲ್ಲಿ ರೆಂಡರ್ ಮಾಡುವುದಕ್ಕೆ, ಅಂದರೆ ಕೊನೆಯ ಚಿತ್ರ ತಯಾರಿಸುವುದಕ್ಕೆ, ಎನ್‌ವಿಡಿಯಾದ ಆರ್‌ಟಿಎಕ್ಸ್ ಕಾರ್ಡ್ ಇದ್ದರೆ ಸಮಯ ತುಂಬ ಉಳಿಯುತ್ತದೆ. ಆದರೆ ನಂಬರ್ ಒಂದೇ ಇದ್ದರೂ ಶಕ್ತಿ ಒಂದೇ ಅಲ್ಲ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060ಕ್ಕೆ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಕೊಡಬಹುದು, ಎಷ್ಟು ಕೊಡುವುದು ಅನ್ನುವುದು ಲ್ಯಾಪ್‌ಟಾಪ್ ಮಾಡುವವರಿಗೆ ಬಿಟ್ಟಿದ್ದು. ತೆಳ್ಳಗಿನದರಲ್ಲಿ ಕಡಿಮೆ ಕೊಡುತ್ತಾರೆ. ಎಷ್ಟು ವ್ಯಾಟ್ ಅಂತ ಕೇಳಿ ತಿಳಿದುಕೊಳ್ಳಿ. 4050ರಲ್ಲಿ 6 ಜಿಬಿ ಮೆಮೊರಿ, 4060ರಲ್ಲಿ 8. ಕಲಿಯುವುದಕ್ಕೆ 8 ಸಾಕು.

ಮಳೆಗಾಲದ ಮಾತು. ನಮ್ಮ ಮನೆಯಿಂದ ಸಮುದ್ರ ಕಾಣುತ್ತದೆ, ಉಪ್ಪು ಗಾಳಿ ನೇರ ಒಳಗೆ ಬರುತ್ತದೆ. ನನ್ನ ಮೊದಲ ಲ್ಯಾಪ್‌ಟಾಪ್ ಮೂರನೇ ಮಳೆಗಾಲ ದಾಟಿದ ಮೇಲೆ ಬಿಚ್ಚಿಸಿದೆ. ಹನ್ನೊಂದು ತಿರುಪಿನಲ್ಲಿ ನಾಲ್ಕಕ್ಕೆ ತುಕ್ಕು ಹಿಡಿದು ತಲೆಯೇ ಸವೆದಿತ್ತು. ಫ್ಯಾನಿನ ಬಾಯಲ್ಲಿ ಧೂಳು ತೇವ ಕುಡಿದು ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿತ್ತು. ಬೆರಳಲ್ಲಿ ಹಿಡಿದು ಎಳೆದರೆ ಇಡೀ ಪದರ ಎದ್ದು ಬಂತು. ಅಷ್ಟು ದಿನ ಬಿಸಿಯಾಗಿ ಆರಿಹೋಗುತ್ತಿದ್ದುದು ಅದಕ್ಕೇ.

ಈಗ ವರ್ಷಕ್ಕೆ ಎರಡು ಸಲ, ಮೇ ಕೊನೆಗೆ ಮತ್ತು ದೀಪಾವಳಿ ಹೊತ್ತಿಗೆ, ಬಿಚ್ಚಿಸಿ ಧೂಳು ತೆಗೆಸುತ್ತೇನೆ. ವಾರಂಟಿ ಇರುವಾಗ ಕಂಪನಿಯವರ ಕೈಯಲ್ಲೇ ಮಾಡಿಸಿ. ಮಳೆಗಾಲದಲ್ಲಿ ಬ್ಯಾಗಿನಲ್ಲಿ ಮುಚ್ಚಿ ವಾರಗಟ್ಟಲೆ ಇಡಬೇಡಿ. ದಿನಾ ಒಂದು ತಾಸು ಓಡಿದರೆ ಒಳಗಿನ ಬಿಸಿಗೇ ತೇವ ಆರುತ್ತದೆ. ಎಸಿ ಕೋಣೆಯಿಂದ ಹೊರಗೆ ತಂದ ಕೂಡಲೇ ಹಚ್ಚಬೇಡಿ, ತಣ್ಣಗಿನ ಯಂತ್ರದ ಮೇಲೆ ನಮ್ಮ ಹವೆಯ ನೀರು ಕೂರುತ್ತದೆ. ಅರ್ಧ ತಾಸು ಬ್ಯಾಗಿನಲ್ಲೇ ಇರಲಿ.

ಸಿಡಿಲಿಗೆ ಚಾರ್ಜರ್ ಮಾತ್ರ ಕೀಳುವುದಲ್ಲ, ಇಂಟರ್ನೆಟ್ಟಿನ ತಂತಿಯನ್ನೂ ಕೀಳಿ. ಪಕ್ಕದ ಮನೆಯವರದು ಆ ದಾರಿಯಲ್ಲೇ ಸುಟ್ಟಿತು. ಇನ್ವರ್ಟರ್ ಇದ್ದರೆ ಸೈನ್ ವೇವ್ ಆಗಿರಲಿ. ಗೇಮಿಂಗ್ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಪೂರ್ತಿ ಶಕ್ತಿ ಕೊಡುವುದಿಲ್ಲ. ಕರೆಂಟು ಹೋದಾಗ ರೆಂಡರ್ ಮುಂದುವರಿಯಬೇಕು ಅಂದರೆ ಇನ್ವರ್ಟರ್ ಬೇಕೇ ಬೇಕು.

ಕೇಳಿದವರು, ಕುಮಟಾದಿಂದ

ಎಲ್ಲರಿಗೂ ತುಂಬ ಧನ್ಯವಾದ. ಮೀಡಿಯಾಇನ್ಫೋದಲ್ಲಿ ನೋಡಿದೆ. ಎಚ್.265, 10 ಬಿಟ್, 4:2:2. ಶಿರಸಿ ಅಣ್ಣ ಹೇಳಿದ್ದೇ ಆಯ್ತು. ಆಲ್ಬಮ್ ತಂತ್ರಾಂಶವೂ ವಿಂಡೋಸ್‌ನದು. ಪ್ರಾಕ್ಸಿ ಹಚ್ಚಿ ಮಲಗಿದ್ದೆ, ಬೆಳಿಗ್ಗೆ ಎದ್ದು ನೋಡಿದರೆ ಚಂಡೆಯ ಪೆಟ್ಟಿಗೂ ಕೈಗೂ ಸರಿ ಹೊಂದಿತ್ತು, ಹಳೆಯ ಲ್ಯಾಪ್‌ಟಾಪಿನಲ್ಲೇ! ಈಗ ಒಂದೇ ಪ್ರಶ್ನೆ. ಅಂಗಡಿಯಾ, ಆನ್‌ಲೈನಾ?

ಶಿರಸಿಯಿಂದ

ಅಂಗಡಿ. ಸ್ವಲ್ಪ ಹೆಚ್ಚಾದರೂ ಕೈಯಲ್ಲಿ ಮುಟ್ಟಿ ನೋಡಿ ತನ್ನಿ. ನಿಮ್ಮ ಕ್ಲಿಪ್ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಅವರು ಪ್ರದರ್ಶನಕ್ಕಿಟ್ಟ ಲ್ಯಾಪ್‌ಟಾಪಿನಲ್ಲಿ ನೀವು ಎಡಿಟ್ ಮಾಡುವ ತಂತ್ರಾಂಶವನ್ನೇ ಹಾಕಿ ಓಡಿಸಿ, ಬೇರೆ ಪ್ಲೇಯರಿನಲ್ಲಿ ಓಡಿದ್ದು ಲೆಕ್ಕಕ್ಕಿಲ್ಲ. ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಇಂಟೆಲ್ ಗ್ರಾಫಿಕ್ಸ್‌ನ ವಿಡಿಯೋ ಡಿಕೋಡ್ ಗೆರೆ ನೋಡಿ. ಕ್ಲಿಪ್ ಓಡುವಾಗ ಆ ಗೆರೆ ಏಳಬೇಕು. ಏಳದೆ ಪ್ರೊಸೆಸರ್ ಮಾತ್ರ ನೂರಕ್ಕೆ ಹೋದರೆ ಗಂಟು ಬಿಚ್ಚುವ ಭಾಗ ಕೆಲಸ ಮಾಡುತ್ತಿಲ್ಲ ಅಂತ. ಕೆಲವು ಗೇಮಿಂಗ್ ಮಾದರಿಗಳಲ್ಲಿ ಒಳಗಿನ ಗ್ರಾಫಿಕ್ಸ್ ಬಂದ್ ಮಾಡುವ ಸ್ವಿಚ್ ಇರುತ್ತದೆ, ಅದನ್ನೂ ನೋಡಿ.

ವಾರಂಟಿ ಮನೆಗೆ ಬಂದು ಮಾಡಿಕೊಡುವಂಥದ್ದು ಬೇಕು. ‘ಎಲ್ಲ ಕಡೆ ಬರುತ್ತಾರೆ’ ಅನ್ನುವ ಮಾತು ನಂಬಬೇಡಿ. ಕಂಪನಿಯ ಸಂಖ್ಯೆಗೆ ಅಲ್ಲಿಂದಲೇ ಫೋನ್ ಮಾಡಿ, ನಿಮ್ಮ ಊರಿನ ಪಿನ್‌ಕೋಡ್ ಹೇಳಿ ಕೇಳಿ. ನನ್ನದು ಕೆಟ್ಟಾಗ ಹುಬ್ಬಳ್ಳಿಗೆ ಮೂರು ಸಲ ಓಡಾಡಿದ್ದೇನೆ, ಮೂರೂ ಮದುವೆ ದಿನಗಳ ನಡುವೆ. ನಿಮಗೆ ಅದು ಬರಬಾರದು.

ಕೇಳಿದವರು, ಕುಮಟಾದಿಂದ, ಹನ್ನೆರಡು ದಿನಗಳ ನಂತರ

ಲ್ಯಾಪ್‌ಟಾಪ್ ತಂದೆ. ಮೊದಲು ತೋರಿಸಿದ ಎರಡರಲ್ಲಿ ಒಂದರ ಪರದೆ 45 ಶೇಕಡಾದ್ದು, ಯಲ್ಲಾಪುರದ ಅಕ್ಕ ಹೇಳಿದ್ದು ನೆನಪಾಗಿ ಬಿಟ್ಟೆ. ಇನ್ನೊಂದರಲ್ಲಿ ರ್‍ಯಾಮ್ ಬೆಸೆದದ್ದು. ಮೂರನೆಯದು ಇಂಟೆಲ್, ಜೊತೆಗೆ ಆರ್‌ಟಿಎಕ್ಸ್ 4060, 16 ಜಿಬಿ, ರ್‍ಯಾಮಿಗೆ ಇನ್ನೊಂದು ಜಾಗ ಖಾಲಿ, 1 ಟಿಬಿ. ಸ್ವಲ್ಪ ದಪ್ಪ, ತೂಕವೂ ಇದೆ. ಕ್ಲಿಪ್ ಹಾಕಿದಾಗ ಆ ಗೆರೆ ಎದ್ದಿತು ಅಣ್ಣ. ಅಂಗಡಿಯ ಹುಡುಗನೂ ಬಗ್ಗಿ ನೋಡಿದ, ಅವನಿಗೂ ಅದು ಹೊಸದು. ಪಿನ್‌ಕೋಡ್ ಕೇಳಿದೆ, ಕುಮಟಾಕ್ಕೆ ಬರುತ್ತಾರಂತೆ, ಬಿಲ್ಲಿನ ಹಿಂದೆ ಬರೆಸಿಕೊಂಡಿದ್ದೇನೆ.

ಶಿರಸಿಯಿಂದ

ಬಹಳ ಸಂತೋಷ ಆಯ್ತು. ಬಿಲ್ಲಿನಲ್ಲಿರುವ ಸೀರಿಯಲ್ ನಂಬರೂ ಲ್ಯಾಪ್‌ಟಾಪಿನ ಅಡಿಯಲ್ಲಿರುವುದೂ ಒಂದೇನಾ ಅಂತ ಇವತ್ತೇ ತಾಳೆ ನೋಡಿ, ಎರಡರ ಫೋಟೋ ತೆಗೆದಿಟ್ಟುಕೊಳ್ಳಿ. ಬಿಲ್ಲಿನ ಶಾಯಿ ನಮ್ಮ ಹವೆಗೆ ಒಂದೇ ಮಳೆಗಾಲದಲ್ಲಿ ಮಾಸಿಹೋಗುತ್ತದೆ.